ದೋಸೆ ಭಟ್ಟರ ಬಿದ್ದ ಮಣಿಕಟ್ಟು: ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಮಾಟುಂಗಾದಲ್ಲಿ ಫಿಸಿಯೋಥೆರಪಿ ಮಾಡುವವಳಿಗೆ ಹೋಟೆಲಿನವರ ಮೈಕೈ ನೋವು ಹೊಸದಲ್ಲ. ಸಪ್ಲೈಯರುಗಳ ಹಿಮ್ಮಡಿ, ಗಲ್ಲಾದಲ್ಲಿ ಕೂತವರ ಕುತ್ತಿಗೆ, ಹಿಟ್ಟು ರುಬ್ಬುವವರ ಸೊಂಟ, ಎಲ್ಲವೂ ವರ್ಷಪೂರ್ತಿ ನನ್ನ ಬಾಗಿಲಿಗೆ ಬರುತ್ತವೆ. ಆದರೆ ಗಣೇಶ ಚೌತಿ ಮುಗಿದ ವಾರದಲ್ಲಿ ಬಂದ ಈ ದೋಸೆ ಭಟ್ಟರ ಕೈ ಬೇರೆಯೇ. ನೋವಿಲ್ಲ, ಊತವಿಲ್ಲ, ಬಿದ್ದ ಗುರುತಿಲ್ಲ. ಬಲಗೈ ಮುಂದೆ ಚಾಚಿದರೆ ಮಣಿಕಟ್ಟಿನಿಂದ ಕೆಳಗಿನ ಭಾಗ ಬಾಡಿದ ಬಾಳೆ ಎಲೆಯ ಹಾಗೆ ಜೋತು ಬೀಳುತ್ತಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಕೈಯಲ್ಲಿ ಹಿಡಿಯುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಇನ್ನೊಂದು ಪ್ರಕರಣ ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಲ್ಲ.

ವಯಸ್ಸು 46. ಊರು ಕುಂದಾಪುರದ ಹತ್ತಿರ. ಹದಿನೆಂಟರಲ್ಲಿ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ಶುರು ಮಾಡಿ, ಈಗ ದೋಸೆ ಕಾವಲಿಯ ಮುಂದೆ ನಿಂತು ಇಪ್ಪತ್ತು ವರ್ಷ ದಾಟಿದೆ. ಬಲಗೈ ಬಳಕೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಕುಡಿತವಿಲ್ಲ. ಜೊತೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುವ ಅಕ್ಕನ ಮಗ ಬಂದಿದ್ದ.

“ಡಾಕ್ಟ್ರೇ, ಕೈ ಸತ್ತ್ ಹೋಯ್ತ್ ಕಾಣಿ” ಎಂದರು ಭಟ್ಟರು. ಹೇಳುವಾಗ ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ಮೇಜಿನ ಮೇಲೆ ಇಟ್ಟರು, ಯಾರದೋ ಸಾಮಾನನ್ನು ತಂದುಕೊಟ್ಟ ಹಾಗೆ.

ಆದದ್ದು ಇಷ್ಟು. ಕಿಂಗ್ಸ್ ಸರ್ಕಲ್, ವಡಾಲಾ ಕಡೆ ಚೌತಿ ಎಂದರೆ ನಮ್ಮ ಕರಾವಳಿಯವರಿಗೆ ಮನೆಯ ಹಬ್ಬವೇ. ಹೋಟೆಲ್ ಕೆಲಸ ಮುಗಿಸಿ ಭಟ್ಟರು ಮೂರು ರಾತ್ರಿ ಒಂದು ಸಂತರ್ಪಣೆಯ ಅಡುಗೆಗೆ ಹೋಗಿದ್ದರು. ಮೂರನೇ ರಾತ್ರಿ ಪಾತ್ರೆ ಎಲ್ಲ ತೊಳೆದಾದ ಮೇಲೆ, ಎರಡೂವರೆ ಗಂಟೆ ಹೊತ್ತಿಗೆ, ಕಬ್ಬಿಣದ ಮಡಚುವ ಕುರ್ಚಿಯಲ್ಲಿ ಕೂತು, ಪಕ್ಕದ ಕುರ್ಚಿಯ ಬೆನ್ನಿನ ಮೇಲೆ ಬಲತೋಳು ಹಾಕಿ, ಹಾಗೆಯೇ ನಿದ್ದೆ ಹೋದರು. ಎರಡು ದಿನದ ನಿದ್ದೆ ಬಾಕಿ ಇತ್ತು. ಎಚ್ಚರವಾದಾಗ ಬೆಳಕು ಹರಿದಿತ್ತು. ಮುಖ ತೊಳೆಯಲು ಕೈ ಎತ್ತಿದರೆ ಮಣಿಕಟ್ಟು ಏಳಲಿಲ್ಲ.

ನಾವೆಲ್ಲ ಮಲಗಿದಾಗ ಕೈ ಜೋಮು ಹಿಡಿದರೆ ಎಚ್ಚರವಾಗಿ ಮಗ್ಗುಲು ಬದಲಿಸುತ್ತೇವೆ. ಅತಿಯಾಗಿ ದಣಿದ ದೇಹ ಆ ಎಚ್ಚರಿಕೆಯನ್ನೂ ಕೇಳಿಸಿಕೊಳ್ಳುವುದಿಲ್ಲ. ಕುಡಿದು ಮಲಗಿದವರಲ್ಲಿ ಇದು ಹೆಚ್ಚು ಕಾಣುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ಶನಿವಾರ ರಾತ್ರಿಯ ಪಾರ್ಶ್ವವಾಯು ಎಂಬ ಅರ್ಥದ ಹೆಸರೇ ಇದೆ. ಆ ಹೆಸರಿನಿಂದಾಗಿ ಭಟ್ಟರಂಥವರನ್ನು ಯಾರಾದರೂ ಅನುಮಾನದಿಂದ ನೋಡಿದರೆ ನನಗೆ ಸಹಿಸುವುದಿಲ್ಲ. ಇವರು ಹನಿ ಮುಟ್ಟಿದವರಲ್ಲ, ದುಡಿದು ಸುಸ್ತಾಗಿ ಮಲಗಿದವರು.

ನನ್ನ ಹತ್ತಿರ ಬಂದದ್ದು ಹನ್ನೆರಡನೇ ದಿನ. ನಡುವಿನ ದಿನಗಳ ಕತೆ ಬೇಗ ಹೇಳಿಬಿಡುತ್ತೇನೆ. ಲಕ್ವ ಹೊಡೆಯಿತೆಂದು ಹೆದರಿ ಅದೇ ಬೆಳಿಗ್ಗೆ ಒಂದು ದೊಡ್ಡಾಸ್ಪತ್ರೆಗೆ ಒಯ್ದರು. ತಲೆಯ ಸ್ಕ್ಯಾನ್ ಆಯಿತು, ಏನೂ ಇಲ್ಲ, ಸ್ಟ್ರೋಕ್ ಅಲ್ಲ ಎಂದು ವಿಟಮಿನ್ ಮಾತ್ರೆ ಬರೆದು ಕಳಿಸಿದರು. ಸ್ಟ್ರೋಕ್ ಅಲ್ಲದಿದ್ದರೆ ಮತ್ತೇನು ಎಂದು ಯಾರೂ ಹೇಳಲಿಲ್ಲ. ಆಮೇಲೆ ಯಾರೋ ಹೇಳಿದರೆಂದು ಒಬ್ಬ ಹಾಡವೈದ್ಯರ, ಅಂದರೆ ಮೂಳೆ ಕೂರಿಸುವ ನಾಟಿ ವೈದ್ಯರ ಬಳಿ ಐದು ದಿನ ಎಣ್ಣೆ ಹಾಕಿಸಿ ಮಣಿಕಟ್ಟನ್ನು ತಿಕ್ಕಿಸಿಕೊಂಡರು. “ನಸ್ ದಬ್ ಗಯೀ ಹೈ” ಎಂದರಂತೆ ಅವರು. ಮಾತು ಸರಿಯೇ, ಜಾಗ ಮಾತ್ರ ತಪ್ಪು. ನರ ಒತ್ತಿಹೋದದ್ದು ಮಣಿಕಟ್ಟಿನಲ್ಲಿ ಅಲ್ಲ, ಅಲ್ಲಿಂದ ಒಂದೂವರೆ ಗೇಣು ಮೇಲೆ, ತೋಳಿನಲ್ಲಿ.

ಪರೀಕ್ಷೆ

ಮೊದಲು ನಗಿಸಿದೆ, ಮಾತಾಡಿಸಿದೆ, ನಡೆಸಿದೆ. ಮುಖ ಸಮ, ನಾಲಿಗೆ ಸರಿ, ಕಾಲು ಗಟ್ಟಿ. ಭುಜ ಎಲ್ಲ ದಿಕ್ಕಿಗೂ ಬಲವಾಗಿಯೇ ಎದ್ದಿತು. ಸ್ನಾಯುವಿನ ಬಲಕ್ಕೆ ನಾವು 0ಯಿಂದ 5ರವರೆಗೆ ಅಂಕ ಕೊಡುತ್ತೇವೆ: 0 ಎಂದರೆ ಮಿಸುಕಾಟವೂ ಇಲ್ಲ, 3 ಎಂದರೆ ತನ್ನ ಭಾರವನ್ನು ತಾನು ಎತ್ತಿಕೊಳ್ಳುತ್ತದೆ, 5 ಎಂದರೆ ಪೂರ್ತಿ ಬಲ. ಮೊಣಕೈ ಮಡಚುವ ಬೈಸೆಪ್ಸ್ 5. ಮೊಣಕೈ ನೆಟ್ಟಗೆ ಮಾಡುವ, ತೋಳಿನ ಹಿಂಬದಿಯ ಟ್ರೈಸೆಪ್ಸ್ ಕೂಡ 5.

ಈ ಟ್ರೈಸೆಪ್ಸಿನ ಉತ್ತರ ನನಗೆ ಬೇಕಾಗಿತ್ತು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳಿಗೂ ಟ್ರೈಸೆಪ್ಸಿಗೂ ಆಜ್ಞೆ ತರುವುದು ಒಂದೇ ನರ, ರೇಡಿಯಲ್ ನರ. ಅದು ಕಂಕುಳಿನಿಂದ ಹೊರಟು, ತೋಳಿನ ಮೂಳೆಯ ಹಿಂಬದಿಯಲ್ಲಿರುವ ಓರೆ ತೋಡಿನಲ್ಲಿ ಮೂಳೆಗೆ ಆತುಕೊಂಡು ಸುತ್ತಿ, ಮೊಣಕೈಯ ಹೊರಮಗ್ಗುಲಿಗೆ ಬರುತ್ತದೆ. ಟ್ರೈಸೆಪ್ಸಿಗೆ ಕೊಡಬೇಕಾದ ಕವಲುಗಳನ್ನು ಆ ತೋಡಿನಲ್ಲಿ ಪೂರ್ತಿ ಇಳಿಯುವ ಮೊದಲೇ ಕೊಟ್ಟಿರುತ್ತದೆ. ಟ್ರೈಸೆಪ್ಸ್ ಗಟ್ಟಿ, ಮಣಿಕಟ್ಟು ಸೊನ್ನೆ ಎಂದರೆ ತೊಂದರೆ ಆ ತೋಡಿನ ಆಸುಪಾಸಿನಲ್ಲಿ. ಕುರ್ಚಿಯ ಕಬ್ಬಿಣದ ಅಂಚು ಒತ್ತಿದ್ದೂ ಅಲ್ಲಿಯೇ. ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಮೂಳೆ, ನಡುವೆ ನರ.

ಇನ್ನೊಂದು ಸಾಕ್ಷಿ ಬೇಕಿತ್ತು. ಹೆಬ್ಬೆರಳು ಮೇಲೆ ಬರುವಂತೆ, ಲೋಟ ಹಿಡಿದ ಹಾಗೆ ಕೈ ಇಡಿಸಿ, ನಾನು ಕೆಳಕ್ಕೆ ಒತ್ತುತ್ತಿರುವಾಗ ಮೊಣಕೈ ಮಡಚಲು ಹೇಳಿದೆ. ಹೀಗೆ ಮಾಡಿದಾಗ ಮುಂಗೈಯ ಹೆಬ್ಬೆರಳಿನ ಬದಿಯಲ್ಲಿ ಒಂದು ಸ್ನಾಯು ಹುರಿಯ ಹಾಗೆ ಎದ್ದು ಕಾಣುತ್ತದೆ. ಬ್ರೇಕಿಯೋರೇಡಿಯಾಲಿಸ್ ಎಂದು ಅದರ ಹೆಸರು. ಎಡಗೈಯಲ್ಲಿ ಎದ್ದಿತು. ಬಲಗೈಯಲ್ಲಿ ಆ ಜಾಗ ಮೆತ್ತಗೇ ಉಳಿಯಿತು. ತೋಡಿನಿಂದ ಹೊರಬಂದ ರೇಡಿಯಲ್ ನರ ಮೊದಲು ಭೇಟಿ ಕೊಡುವುದು ಈ ಸ್ನಾಯುವಿಗೆ, ಅದೂ ಮಲಗಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕೈಬೆನ್ನಿನ ಚರ್ಮದಲ್ಲಿ ಹತ್ತಿ ಆಡಿಸಿದರೆ “ಬಟ್ಟೆ ಮೇಲಿಂದ ಮುಟ್ಟಿದಾಂಗೆ” ಎಂದರು.

ಮಣಿಕಟ್ಟು ಎತ್ತುವುದು 0. ಬೆರಳುಗಳನ್ನು ಬುಡದ ಗೆಣ್ಣಿನಿಂದ ಚಾಚುವುದು 0. ಹೆಬ್ಬೆರಳನ್ನು ಹಿಂದಕ್ಕೆ ಎಳೆಯುವುದು 0. ಆದರೆ ನನ್ನ ಬೆರಳಿನಿಂದ ಅವರ ಬೆರಳಿನ ಬುಡವನ್ನು ಕೆಳಗಿನಿಂದ ಆನಿಸಿ ಹಿಡಿದಾಗ ತುದಿಯ ಎರಡು ಗೆಣ್ಣುಗಳು ತಾವಾಗಿ ನೆಟ್ಟಗಾದವು. ನೋಡುತ್ತಿದ್ದ ಅಳಿಯನಿಗೆ ಇದು ಪವಾಡದ ಹಾಗೆ ಕಂಡಿತು. ತುದಿಯ ಗೆಣ್ಣು ಚಾಚುವ ಕೆಲಸವನ್ನು ಅಂಗೈಯೊಳಗಿನ ಸಣ್ಣ ಸ್ನಾಯುಗಳೂ ಮಾಡುತ್ತವೆ. ಅವುಗಳಿಗೆ ಬರುವ ನರಗಳು ಬೇರೆ, ಅವು ಸುಖವಾಗಿದ್ದವು. ಬೆರಳು ಅಗಲಿಸುವುದನ್ನೂ ಹೀಗೆಯೇ ಪರೀಕ್ಷಿಸಬೇಕು. ಕೈ ಜೋತುಬಿದ್ದಿರುವಾಗ ಅಗಲಿಸಲು ಹೇಳಿದರೆ ಅದೂ ಹೋಗಿದೆ ಎನಿಸುತ್ತದೆ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿಸಿದರೆ ನಿಜ ತಿಳಿಯುತ್ತದೆ. ಭಟ್ಟರ ಬೆರಳು ಮೇಜಿನ ಮೇಲೆ ಚೆನ್ನಾಗಿಯೇ ಅಗಲಿದವು.

ಇಷ್ಟೆಲ್ಲ ನೋಡಿಯೂ ನಾನು ಒಂದು ತಪ್ಪು ಮಾಡಿದೆ. ಮುಷ್ಟಿಯ ಬಲ ಅಳೆಯುವ ಡೈನಮೋಮೀಟರ್ ಕೊಟ್ಟು ಹಿಸುಕಲು ಹೇಳಿದೆ. ಎಡಗೈ 36 ಕಿಲೋ. ಬಲಗೈ 6. “ಎಷ್ಟ್ ಒತ್ರೂ ಜೋರ್ ಬತ್ತಿಲ್ಲೆ” ಎಂದು ಭಟ್ಟರು ಕಣ್ಣಲ್ಲಿ ನೀರು ತಂದುಕೊಂಡರು. ನಾನು ಹಾಳೆಯಲ್ಲಿ ‘ಬೆರಳು ಮಡಚುವ ಸ್ನಾಯುಗಳು ದುರ್ಬಲ’ ಎಂದು ಬರೆದೆ. ಬರೆದ ಮೇಲೆ ಪೆನ್ನು ನಿಂತಿತು. ಬೆರಳು ಮಡಚುವ ಸ್ನಾಯುಗಳಿಗೆ ರೇಡಿಯಲ್ ನರದ ಜೊತೆ ಲೆಕ್ಕಾಚಾರವೇ ಇಲ್ಲ. ಅವು ಮೀಡಿಯನ್ ಮತ್ತು ಅಲ್ನಾರ್ ನರಗಳ ಆಳ್ವಿಕೆಯವು. ಅವು ದುರ್ಬಲವಾಗಿದ್ದರೆ ನನ್ನ ರೋಗನಿರ್ಣಯವೇ ತಪ್ಪು.

ಎದ್ದುಹೋಗಿ ಅವರ ಪಕ್ಕದಲ್ಲಿ ಕೂತೆ. ನನ್ನ ಎಡಗೈಯಿಂದ ಅವರ ಮಣಿಕಟ್ಟನ್ನು ಕೆಳಗಿನಿಂದ ಹಿಡಿದು, ಸುಮಾರು 30 ಡಿಗ್ರಿ ಹಿಂದಕ್ಕೆ ಎತ್ತಿ ಗಟ್ಟಿಯಾಗಿ ನಿಲ್ಲಿಸಿದೆ. ಈಗ ಒತ್ತಿ ಎಂದೆ. ಮುಳ್ಳು 21ಕ್ಕೆ ಹೋಯಿತು. ಬರೆದದ್ದನ್ನು ಹೊಡೆದುಹಾಕಿದೆ.

ಆರರಿಂದ ಇಪ್ಪತ್ತೊಂದು

ಔಷಧ ಕೊಟ್ಟಿಲ್ಲ, ವ್ಯಾಯಾಮ ಮಾಡಿಸಿಲ್ಲ, ಮಣಿಕಟ್ಟನ್ನು ಮಾತ್ರ ಎತ್ತಿ ಹಿಡಿದೆ. ಬಲ ಮೂರೂವರೆ ಪಟ್ಟಾಯಿತು. ಇದು ಯಾಕೆ ಎಂದು ಭಟ್ಟರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬೆರಳಿನೊಳಗೆ ಬೆರಳನ್ನು ಆಡಿಸುವ ಸ್ನಾಯುವಿನ ಗಡ್ಡೆ ಒಂದೂ ಇಲ್ಲ. ಮೂಳೆ, ಕೀಲು, ಹುರಿ, ಚರ್ಮ, ಅಷ್ಟೇ. ಬೆರಳನ್ನು ಬಲವಾಗಿ ಮಡಚುವ ಮಾಂಸ ಇರುವುದು ಮುಂಗೈಯಲ್ಲಿ, ಮೊಣಕೈಯ ಹತ್ತಿರ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಹೊರಟು, ಮಣಿಕಟ್ಟನ್ನು ದಾಟಿ, ಅಂಗೈ ದಾಟಿ, ಬೆರಳ ಮೂಳೆಗಳಿಗೆ ಹೋಗಿ ಅಂಟುತ್ತವೆ. ಭಟ್ಟರ ಊರಿನ ಹತ್ತಿರವೇ ಉಪ್ಪಿನಕುದ್ರು ಇದೆಯಲ್ಲ, ಅಲ್ಲಿನ ಸೂತ್ರದ ಗೊಂಬೆಯಾಟ ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಗೊಂಬೆಯ ಕೈಯಲ್ಲಿ ಶಕ್ತಿ ಇಲ್ಲ. ಶಕ್ತಿ ಮೇಲೆ ನಿಂತು ಸೂತ್ರ ಎಳೆಯುವವನಲ್ಲಿದೆ. ಸೂತ್ರದಿಂದ ಗೊಂಬೆಯನ್ನು ತಳ್ಳಲಾಗುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಸ್ನಾಯು ಎಳೆಯುತ್ತದೆ, ಎಂದೂ ತಳ್ಳುವುದಿಲ್ಲ. ಆದ್ದರಿಂದ ಪ್ರತಿ ಕೀಲಿಗೂ ಎರಡು ಕಡೆಯಿಂದ ಎಳೆಯುವವರು ಬೇಕು. ಒಬ್ಬ ಎಳೆಯುವಾಗ ಇನ್ನೊಬ್ಬ ಹದವಾಗಿ ಬಿಡಬೇಕು, ಅಥವಾ ಕೀಲು ಅಲುಗಾಡದಂತೆ ತಾನೂ ಎಳೆದು ನಿಲ್ಲಿಸಬೇಕು.

ಬೆರಳು ಮಡಚುವ ಹುರಿ ಮಣಿಕಟ್ಟಿನ ಮುಂದಿನಿಂದ ಹಾದುಹೋಗುವುದರಿಂದ, ಅದು ಎಳೆದಾಗ ಬೆರಳಿನ ಜೊತೆ ಮಣಿಕಟ್ಟೂ ಮಡಚಿಕೊಳ್ಳಲು ಹೊರಡುತ್ತದೆ. ಅದನ್ನು ತಡೆದು ನಿಲ್ಲಿಸುವವರು ಮುಂಗೈಯ ಹಿಂಬದಿಯಲ್ಲಿರುವ ಮೂರು ಸ್ನಾಯುಗಳು. ನೀವು ಈಗಲೇ ನೋಡಬಹುದು. ಎಡಗೈಯ ಬೆರಳುಗಳನ್ನು ಬಲಮುಂಗೈಯ ಹಿಂಬದಿಯಲ್ಲಿ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಇಟ್ಟು, ಬಲಗೈಯ ಮುಷ್ಟಿ ಬಿಗಿಯಿರಿ. ಬೆರಳು ಮಡಚುವ ಕೆಲಸ ಮುಂದುಗಡೆಯದು, ಆದರೂ ಹಿಂದುಗಡೆಯ ಮಾಂಸ ಕಲ್ಲಾಗುತ್ತದೆ. ಈಗ ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಬಗ್ಗಿಸಿ ಮುಷ್ಟಿ ಬಿಗಿಯಲು ನೋಡಿ. ಬೆರಳು ಅಂಗೈ ಮುಟ್ಟುವುದೇ ಕಷ್ಟ. ಭಟ್ಟರು ಹನ್ನೆರಡು ದಿನದಿಂದ ಇದೇ ಸ್ಥಿತಿಯಲ್ಲಿ ಸೌಟು ಹಿಡಿಯಲು ಒದ್ದಾಡುತ್ತಿದ್ದರು.

ಮಣಿಕಟ್ಟು ಬಗ್ಗಿದರೆ ಬಲ ಯಾಕೆ ಕುಸಿಯಬೇಕು? ಉತ್ತರ ಸ್ನಾಯುವಿನ ಒಳಗಿದೆ. ಒಂದು ಸ್ನಾಯುವನ್ನು ಬಿಡಿಸುತ್ತ ಹೋದರೆ ಎಳೆಗಳ ಕಟ್ಟು ಸಿಗುತ್ತದೆ, ಕಟ್ಟಿನೊಳಗೆ ಎಳೆ, ಎಳೆಯೊಳಗೆ ಇನ್ನೂ ಸಣ್ಣ ತಂತುಗಳು. ಆ ತಂತು ಉದ್ದಕ್ಕೂ ಒಂದೇ ಅಳತೆಯ ತುಂಡುಗಳಾಗಿ ವಿಂಗಡವಾಗಿರುತ್ತದೆ. ಒಂದೊಂದು ತುಂಡೂ ಒಂದು ಸಾರ್ಕೋಮಿಯರ್. ಉದ್ದ ಸುಮಾರು ಎರಡೂವರೆ ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 400 ಸಾಲಾಗಿ ನಿಲ್ಲುತ್ತವೆ. ಅದರೊಳಗೆ ಎರಡು ಬಗೆಯ ಕಡ್ಡಿಗಳು: ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆಕ್ಟಿನ್. ಸ್ನಾಯು ಕುಗ್ಗುವಾಗ ಈ ಕಡ್ಡಿಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರಿಕೊಂಡು ಒಳಗೆ ಬರುತ್ತವೆ. 1954ರಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಇದನ್ನು ತೋರಿಸಿದವು: ಆಂಡ್ರ್ಯೂ ಹಕ್ಸ್ಲಿ ಮತ್ತು ರೋಲ್ಫ್ ನೀಡರ್‌ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ. ಇಬ್ಬರು ಹಕ್ಸ್ಲಿಗಳಿಗೂ ನೆಂಟಸ್ತಿಕೆ ಇರಲಿಲ್ಲ.

ಇದನ್ನು ನಾನು ಭಟ್ಟರಿಗೆ ಹೇಳಿದ್ದು ಕೈರಂಪಣಿಯ ಮಾತಿನಲ್ಲಿ. ಕಡಲಿಗೆ ಬಲೆ ಬಿಟ್ಟು, ದಡದಲ್ಲಿ ಸಾಲಾಗಿ ನಿಂತ ಜನ ಹಗ್ಗ ಹಿಡಿದು, ಒಂದು ಕೈ ಬಿಟ್ಟು ಇನ್ನೊಂದು ಕೈ ಹಾಕಿ, ಎಳೆದೆಳೆದು ತರುತ್ತಾರಲ್ಲ, ಮಯೋಸಿನ್ನಿನ ಮೈಯಿಂದ ಹೊರಚಾಚಿದ ಸಣ್ಣ ತಲೆಗಳು ಆಕ್ಟಿನ್ನನ್ನು ಎಳೆಯುವುದು ಹಾಗೆಯೇ. ಹಿಡಿ, ಎಳೆ, ಬಿಡು, ಮತ್ತೆ ಮುಂದೆ ಹಿಡಿ. ನರದಿಂದ ಆಜ್ಞೆ ಬಂದಾಗ ಎಳೆಯೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಆಕ್ಟಿನ್ನಿನ ಮೇಲೆ ಹಿಡಿಯುವ ಜಾಗ ತೆರೆಯುವುದು ಆಗ. ಪ್ರತಿ ಸಲ ಹಿಡಿತ ಬಿಡಿಸಿಕೊಳ್ಳಲು ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಈ ಇಂಧನ ಮುಗಿದು ಹಿಡಿತ ಬಿಡಲಾಗದೆ ಹೋಗುವುದರಿಂದ.

ಈಗ ಯೋಚಿಸಿ. ಹಗ್ಗದ ಹೆಚ್ಚಿನ ಭಾಗ ನೀರಿನಲ್ಲೇ ಇದ್ದು ದಡಕ್ಕೆ ಬಂದ ತುದಿ ಗಿಡ್ಡವಾಗಿದ್ದರೆ ನಾಲ್ಕೇ ಜನರ ಕೈಗೆ ಸಿಗುತ್ತದೆ, ಎಳೆತ ಕಡಿಮೆ. ಎಲ್ಲರ ಕೈಯೂ ಹಗ್ಗದ ಮೇಲೆ ಬಿದ್ದಾಗ ಎಳೆತ ಜೋರು. ಬಲೆ ಪೂರ್ತಿ ದಡಕ್ಕೆ ಬಂದು ಎರಡು ಬದಿಯ ಜನ ಒಬ್ಬರ ಮೇಲೊಬ್ಬರು ಬಿದ್ದರೆ ಎಳೆಯಲು ಜಾಗವೇ ಇಲ್ಲ. ಸ್ನಾಯುವಿಗೂ ಹೀಗೆ ಒಂದು ಹದವಾದ ಉದ್ದ ಇದೆ. ಅತಿ ಉದ್ದವಾದರೂ ಬಲವಿಲ್ಲ, ಅತಿ ಗಿಡ್ಡವಾದರೂ ಬಲವಿಲ್ಲ. ಮಣಿಕಟ್ಟು ಕೆಳಗೆ ಬಿದ್ದಾಗ ಬೆರಳು ಮಡಚುವ ಸ್ನಾಯು ಏನೂ ಹಿಡಿಯುವ ಮೊದಲೇ ಗಿಡ್ಡವಾಗಿಬಿಟ್ಟಿರುತ್ತದೆ. ಮಣಿಕಟ್ಟನ್ನು 20ರಿಂದ 35 ಡಿಗ್ರಿ ಹಿಂದಕ್ಕೆ ಎತ್ತಿದಾಗ ಅದಕ್ಕೆ ತನ್ನ ಹದ ಸಿಗುತ್ತದೆ. ಜೊತೆಗೆ ಕೈಬೆನ್ನಿನ ಹುರಿಗಳು ಬಿಗಿಯಾಗಿ ಬೆರಳನ್ನು ಹಿಂದಕ್ಕೆ ಎಳೆಯುವ ಅಡ್ಡಿಯೂ ತಪ್ಪುತ್ತದೆ.

ಅಂದರೆ ಭಟ್ಟರ ಸೌಟನ್ನು ಹಿಡಿದಿದ್ದು ಇಪ್ಪತ್ತು ವರ್ಷವೂ ಅಂಗೈಯ ಕಡೆ ಮಾತ್ರ ಅಲ್ಲ, ಕೈಬೆನ್ನಿನ ಕಡೆಯೂ.

ಚಿಕಿತ್ಸೆ

ಮೊದಲ ದಿನವೇ ಒಂದು ಕೆಲಸ ಮಾಡಿದೆ. ಮೊಣಕೈಯ ಹೊರಮಗ್ಗುಲಲ್ಲಿ, ಅಂದರೆ ನರ ಒತ್ತಿಹೋದ ಜಾಗಕ್ಕಿಂತ ಕೆಳಗೆ, ಸ್ಟಿಮ್ಯುಲೇಟರಿನ ಪೆನ್ನು ಇಟ್ಟು ಸಣ್ಣ ಕರೆಂಟು ಕೊಟ್ಟೆ. ಜೋತುಬಿದ್ದ ಕೈ ಮೆಲ್ಲನೆ ಮೇಲೆದ್ದಿತು. ಕರೆಂಟು ತೆಗೆದೆ, ಬಿತ್ತು. ಮತ್ತೆ ಕೊಟ್ಟೆ, ಎದ್ದಿತು.

“ನಾನ್ ಎತ್ತಲಿಲ್ಲೆ, ಅದೇ ಎದ್ದದ್!” ಎಂದು ಭಟ್ಟರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ಮಾವ, ಸುಮ್ನೆ ಕೂಕಣಿ” ಎಂದು ಅಳಿಯ ಭುಜ ಹಿಡಿದ. ಅವನ ದನಿಯೂ ನಡುಗುತ್ತಿತ್ತು.

ಹದಿನೆಂಟನೇ ಶತಮಾನದಲ್ಲಿ ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲನ್ನು ಹೀಗೆ ಕುಣಿಸಿದ್ದ. ನನಗೆ ಇಲ್ಲಿ ಬೇಕಾಗಿದ್ದ ಅರ್ಥ ಬೇರೆ. 1943ರಲ್ಲಿ ಹರ್ಬರ್ಟ್ ಸೆಡ್ಡನ್ ನರದ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಅತಿ ಹಗುರಾದದ್ದರಲ್ಲಿ ನರದ ತಂತು ತುಂಡಾಗುವುದಿಲ್ಲ, ಒತ್ತಿದ ಜಾಗದಲ್ಲಿ ಅದರ ಮೇಲಿನ ಮಯಲಿನ್ ಹೊದಿಕೆ ಮಾತ್ರ ಕೆಡುತ್ತದೆ. ಮೇಲಿನಿಂದ ಬಂದ ಆಜ್ಞೆ ಅಲ್ಲಿ ನಿಂತುಹೋಗುತ್ತದೆ, ಕೆಳಗಿನ ತಂತು ಜೀವಂತವಾಗಿಯೇ ಇರುತ್ತದೆ. ತಂತುವೇ ತುಂಡಾಗಿದ್ದರೆ ಒಂದೆರಡು ವಾರದೊಳಗೆ ಕೆಳಗಿನ ಭಾಗ ಸತ್ತು, ಅಲ್ಲಿ ಕರೆಂಟು ಕೊಟ್ಟರೂ ಸ್ನಾಯು ಹೀಗೆ ಉತ್ತರ ಕೊಡುವುದಿಲ್ಲ. ಹನ್ನೆರಡನೇ ದಿನವೂ ಭಟ್ಟರ ಕೈ ಎದ್ದಿತು. ಆಮೇಲೆ ನಾಲ್ಕನೇ ವಾರದಲ್ಲಿ ನರರೋಗ ತಜ್ಞರು ಮಾಡಿದ ನರದ ವೇಗದ ಪರೀಕ್ಷೆಯೂ ಅದನ್ನೇ ಹೇಳಿತು: ತೋಡಿನ ಹತ್ತಿರ ಸಂಕೇತಕ್ಕೆ ತಡೆ, ಅದರ ಕೆಳಗೆ ಬಹುಪಾಲು ಸರಿ. ಇಂಥ ಗಾಯ ಹೆಚ್ಚಾಗಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿ ವಾಸಿಯಾಗುತ್ತದೆ. ತುಂಡಾದ ತಂತು ಮತ್ತೆ ಬೆಳೆಯುವುದಾದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಆಗ ತಿಂಗಳುಗಳ ಲೆಕ್ಕ ಬೇರೆಯೇ ಆಗುತ್ತಿತ್ತು.

ತಾನಾಗಿ ವಾಸಿಯಾಗುವುದಾದರೆ ಫಿಸಿಯೋಥೆರಪಿ ಯಾತಕ್ಕೆ ಎಂದು ಹೋಟೆಲಿನ ಧಣಿಗಳು ಫೋನು ಮಾಡಿ ಕೇಳಿದರು. ನ್ಯಾಯವಾದ ಪ್ರಶ್ನೆ. ನರ ಬರುವವರೆಗೆ ಕೈಯನ್ನು ಕಾಪಾಡಿ ಇಡಬೇಕಲ್ಲ. ಜೋತುಬಿದ್ದ ಸ್ಥಿತಿಯಲ್ಲೇ ಬಿಟ್ಟರೆ ಹಿಂಬದಿಯ ಸ್ನಾಯು ದಿನವಿಡೀ ಜಗ್ಗಿಕೊಂಡಿರುತ್ತದೆ, ಮುಂಬದಿಯದು ಗಿಡ್ಡವಾಗಿ ಕೂರುತ್ತದೆ, ಗೆಣ್ಣುಗಳು ಬಿಗಿಯುತ್ತವೆ. ನರ ತಿರುಗಿ ಬಂದಾಗ ಅದಕ್ಕೆ ಆಡಿಸಲು ಕೀಲೇ ಇಲ್ಲದ ಹಾಗೆ ಆಗಬಾರದು.

ಮುಂಗೈಯ ಒಳಬದಿಯಿಂದ ಅಂಗೈಯವರೆಗೆ ಬರುವ ಒಂದು ಪ್ಲಾಸ್ಟಿಕ್ ಆಸರೆಪಟ್ಟಿ (ಸ್ಪ್ಲಿಂಟ್) ಮಾಡಿಕೊಟ್ಟೆ, ಮಣಿಕಟ್ಟು 25 ಡಿಗ್ರಿ ಎದ್ದಿರುವಂತೆ, ಬೆರಳುಗಳು ಬಿಡುವಾಗಿರುವಂತೆ. ಈ ಪ್ಲಾಸ್ಟಿಕ್ಕನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕೈಗೆ ಒತ್ತಿ ಆಕಾರ ಕೊಡುತ್ತೇವೆ. 60-70 ಡಿಗ್ರಿ ಶಾಖಕ್ಕೆ ಅದು ಮೆತ್ತಗಾಗುತ್ತದೆ. ಕಾವಲಿಯ ಮುಂದೆ ನಿಂತರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಹಾಗಾಗಿ ಪಟ್ಟಿ ಕಟ್ಟಿಕೊಂಡು ಒಲೆಯ ಹತ್ತಿರ ಹೋಗಲೇಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಧಣಿಗಳು ಒಳ್ಳೆಯವರು, ಸಂಬಳ ಹಿಡಿಯಲಿಲ್ಲ. ಭಟ್ಟರನ್ನು ಹಿಟ್ಟಿನ ಹದ ನೋಡಲು, ತರಕಾರಿ ಲೆಕ್ಕಕ್ಕೆ ಹಾಕಿದರು. ಪಟ್ಟಿ ಕಟ್ಟಿದ ಕೂಡಲೇ ಅವರು ಲೋಟ ಹಿಡಿದು ನೀರು ಕುಡಿದರು, ಪೆನ್ನು ಹಿಡಿದು ಸಹಿ ಹಾಕಿದರು. ಯಾವ ಸ್ನಾಯುವೂ ಗುಣವಾಗಿರಲಿಲ್ಲ ಆಗ.

ಮನೆಯಲ್ಲಿ ಯಾರೋ ಕೊಟ್ಟಿದ್ದ ಸ್ಪಂಜಿನ ಚೆಂಡನ್ನು ಬಿಡಿಸಿದೆ. ಕೈ ಬಿದ್ದಿರುವಾಗ ಚೆಂಡು ಹಿಸುಕುತ್ತ ಕೂತರೆ ಮೊದಲೇ ಬಲವಿರುವ ಕಡೆಯೇ ಇನ್ನಷ್ಟು ಬಿಗಿಯುತ್ತದೆ. ಅದರ ಬದಲು ದಿನಕ್ಕೆ ನಾಲ್ಕು ಸಲ ಅಳಿಯ ಮಾವನ ಮಣಿಕಟ್ಟು, ಬೆರಳು, ಹೆಬ್ಬೆರಳುಗಳನ್ನು ಪೂರ್ತಿ ಚಾಚಿ ಮಡಚಬೇಕು. ಆ ಹುಡುಗ ಒಂದು ದಿನವೂ ತಪ್ಪಿಸಲಿಲ್ಲ. ಮಣಿಕಟ್ಟಿಗೆ ತಿಕ್ಕಿಸುವುದು ಬಂದ್. ತೋಳಿನ ಮೇಲೆ ಭಾರ ಹಾಕಿ ಮಲಗುವುದು ಬಂದ್.

ಮರಳಿ ಬಂದ ಕ್ರಮ

ಮೊದಲ ನಾಲ್ಕು ವಾರ ಏನೂ ಇಲ್ಲ. ಈ ದಿನಗಳೇ ಕಷ್ಟ. ಭಟ್ಟರು ಮಾತು ಕಡಿಮೆ ಮಾಡಿದರು. ಊರಿಗೆ ಹೋಗಿಬಿಡುತ್ತೇನೆ ಎಂದರು. ನಾನು ಪ್ರತಿ ಸಲ ಸ್ಟಿಮ್ಯುಲೇಟರ್ ಇಟ್ಟು ಕೈ ಏಳುವುದನ್ನು ತೋರಿಸುತ್ತಿದ್ದೆ, ಅರ್ಧ ಚಿಕಿತ್ಸೆಗೆ, ಅರ್ಧ ಧೈರ್ಯಕ್ಕೆ.

ಐದನೇ ವಾರದ ಕೊನೆಯಲ್ಲಿ, ಲೋಟ ಹಿಡಿದ ಹಾಗೆ ಇಡಿಸಿ ಮೊಣಕೈ ಮಡಚಿಸಿದಾಗ, ನನ್ನ ಬೆರಳಿನ ಕೆಳಗೆ ಬ್ರೇಕಿಯೋರೇಡಿಯಾಲಿಸ್ ಒಮ್ಮೆ ಮಿಸುಕಿತು. ಕಣ್ಣಿಗೆ ಕಾಣದಷ್ಟು ಸಣ್ಣದು. ನರ ಯಾವ ಕ್ರಮದಲ್ಲಿ ಮನೆಮನೆಗೆ ಹೋಗುತ್ತದೋ ಅದೇ ಕ್ರಮದಲ್ಲಿ ಬೆಳಕು ಬಂದಿತು. ಏಳನೇ ವಾರ ಮಣಿಕಟ್ಟು, ಮೊದಲು ಮೇಜಿನ ಮೇಲೆ ಕೈಯನ್ನು ಮಗ್ಗುಲಾಗಿ ಇಟ್ಟು ಭೂಮಿಯ ಸೆಳೆತ ತಪ್ಪಿಸಿದಾಗ ಮಾತ್ರ, ಅಂಕ 2. ಎಂಟನೇ ವಾರದಲ್ಲಿ ತನ್ನ ಭಾರವನ್ನು ತಾನೇ ಎತ್ತಿತು, 3. ಎದ್ದಾಗ ಕೈ ಹೆಬ್ಬೆರಳಿನ ಕಡೆಗೆ ವಾಲುತ್ತಿತ್ತು. ಮೂರು ಸ್ನಾಯುಗಳಲ್ಲಿ ಆ ಬದಿಯದಕ್ಕೆ ನರ ಮೊದಲು ತಲುಪುತ್ತದೆ, ಕಿರುಬೆರಳ ಬದಿಯದು ತಡವಾಗಿ ಎಚ್ಚರವಾಗುತ್ತದೆ. ಒಂಬತ್ತನೇ ವಾರ ಬೆರಳುಗಳ ಬುಡ ಚಾಚಲು ಶುರುವಾಯಿತು, ಹತ್ತರಲ್ಲಿ ಹೆಬ್ಬೆರಳು.

ಹತ್ತನೇ ವಾರ ಮುಗಿದ ಒಂದು ಬೆಳಿಗ್ಗೆ ನಾನು ಹೋಟೆಲಿನ ಅಡುಗೆಮನೆಗೆ ಹೋದೆ. ಕಾವಲಿಗೆ ನಿಲ್ಲಿಸಬಹುದೋ ಎಂದು ಕ್ಲಿನಿಕ್ಕಿನಲ್ಲಿ ಕೂತು ಹೇಳಲಾಗುವುದಿಲ್ಲ. ಭಟ್ಟರು ಸೌಟಿನಲ್ಲಿ ಹಿಟ್ಟು ತೆಗೆದು, ಕಾವಲಿಯ ನಡುವೆ ಸುರಿದು, ಸೌಟಿನ ತಳದಿಂದ ಒಳಗಿನಿಂದ ಹೊರಗೆ ಸುತ್ತತೊಡಗಿದರು. ಸುತ್ತು ತೋಳಿನಿಂದ ಬರುತ್ತದೆ, ಮಣಿಕಟ್ಟು ಅಷ್ಟು ಹೊತ್ತೂ ತುಸು ಎದ್ದು ಅಲುಗದೆ ನಿಂತಿರುತ್ತದೆ. ಅದು ನಿಂತಿದ್ದರೇ ದೋಸೆ ಎಲ್ಲ ಕಡೆ ಒಂದೇ ತೆಳು. ಮೂರನೇ ದೋಸೆಯವರೆಗೆ ನಿಂತಿತು. ನಾಲ್ಕನೆಯದಕ್ಕೆ ಸೌಟಿನ ತಳ ಒಂದು ಬದಿಗೆ ವಾಲಿ ಹಿಟ್ಟು ಹರಿದು ಅಂಚಿನಲ್ಲಿ ದಪ್ಪವಾಯಿತು. ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಬಲ ಬಂದರೂ ತಾಳಿಕೆ ಬಂದಿರಲಿಲ್ಲ.

ಇನ್ನೂ ಕಷ್ಟವಾದದ್ದು ಹಿಡಿಸೂಡಿ. ದೋಸೆ ತೆಗೆದ ಮೇಲೆ ಹಿಡಿಸೂಡಿಯನ್ನು ನೀರಲ್ಲಿ ಅದ್ದಿ ಕಾವಲಿಯ ಮೇಲೆ ಚಿಮುಕಿಸುವ ಆ ಒಂದು ಒದರು ಪೂರ್ತಿ ಮಣಿಕಟ್ಟಿನದು, ಮೇಲಕ್ಕೆ ಸರಕ್ಕನೆ ಎದ್ದು ಥಟ್ಟನೆ ನಿಲ್ಲಬೇಕು. ಭಟ್ಟರ ಕೈ ಎದ್ದಿತು, ಆದರೆ ನಿಧಾನ. ನೀರು ಚಿಮ್ಮುವ ಬದಲು ಸುರಿಯಿತು. ಅಂದಿನಿಂದ ಅವರ ವ್ಯಾಯಾಮವನ್ನೇ ಬದಲಿಸಿದೆ. ರಬ್ಬರ್ ಬ್ಯಾಂಡು, ಅರ್ಧ ಕಿಲೋ ಡಂಬೆಲ್ಲು ಇದ್ದೇ ಇದ್ದವು. ಅದರ ಮೇಲೆ ದಿನಕ್ಕೆ ಮೂರು ಸಲ ಖಾಲಿ ಕಾವಲಿಯ ಮೇಲೆ ಬರಿ ಸೌಟು ಸುತ್ತುವುದು, ಬಕೆಟ್ಟಿನ ಮುಂದೆ ನಿಂತು ಹಿಡಿಸೂಡಿ ಒದರುವುದು, ಇಪ್ಪತ್ತಿಪ್ಪತ್ತು.

ಹದಿಮೂರನೇ ವಾರದ ಅಳತೆ: ಮಣಿಕಟ್ಟು 5, ಬೆರಳು ಚಾಚುವುದು 4, ಹೆಬ್ಬೆರಳು 4. ತೋರುಬೆರಳನ್ನು ಒಂಟಿಯಾಗಿ ಚಾಚುವ ಸ್ನಾಯುವಿಗೆ ಈ ನರ ಎಲ್ಲರಿಗಿಂತ ಕೊನೆಯಲ್ಲಿ ತಲುಪುತ್ತದೆ, ಅದು 3. ಮುಷ್ಟಿ ಬಲಗೈ 32, ಎಡಗೈ 36. ನಾನು ಹಿಡಿದುಕೊಳ್ಳಲಿಲ್ಲ, ಪಟ್ಟಿಯೂ ಇರಲಿಲ್ಲ. ಅರ್ಧ ದಿನದ ಪಾಳಿಗೆ ಕಾವಲಿಗೆ ಬಿಟ್ಟೆ, ಹದಿನೈದನೇ ವಾರದಿಂದ ಪೂರ್ತಿ.

ಕೊನೆಯ ಭೇಟಿಯಲ್ಲಿ ಕೈಬೆನ್ನಿನ ಮೇಲೆ ಹತ್ತಿ ಆಡಿಸಿದೆ. ಹೆಬ್ಬೆರಳಿನ ಬುಡದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಮಂದ. ಕಾವಲಿಯ ಬಿಸಿ ನೋಡಲು ಕೈಬೆನ್ನು ಹತ್ತಿರ ಹಿಡಿಯುವ ಅಭ್ಯಾಸ ಅವರದು, ಆದ್ದರಿಂದ ಆ ಜಾಗ ಪೂರ್ತಿ ಎಚ್ಚರವಾಗುವವರೆಗೆ ಎಡಗೈ ಹಿಡಿಯಿರಿ ಎಂದೆ. “ಆಯ್ತ್ ಡಾಕ್ಟ್ರೇ” ಎಂದು ಎದ್ದು, ಬಾಗಿಲ ಹಿಡಿಕೆಯನ್ನು ಬಲಗೈಯಿಂದಲೇ ತಿರುಗಿಸಿ ಹೊರಗೆ ಹೋದರು.